ಹೊಸ ಜರ್ಸಿಯ ಕುಂಕುಮ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಸಿಡ್ನಿಯ ಗಿರಾವೀನ್‌ನಲ್ಲಿ ನಮ್ಮ ಹಿತ್ತಲಿನ ಹಗ್ಗದ ಮೇಲೆ ಭಾನುವಾರಗಳಂದು ರಗ್ಬಿ ಲೀಗ್ ಜರ್ಸಿಗಳು ಒಣಗುತ್ತಿದ್ದವು. ಮೊಮ್ಮಗಳು ಆಡುತ್ತಿದ್ದ ಹುಡುಗಿಯರ ಕ್ಲಬ್ಬು ಆ ವರ್ಷವೇ ಸಿಡ್ನಿ, ಮೆಲ್ಬರ್ನ್ ತಂಡಗಳ ಹೊಸ ಕಾಂಪಿಟಿಷನ್ ಸೇರಿತ್ತು. ಒಗೆಯುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡಿದ್ದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದರಲ್ಲಿ ಇಂಗ್ಲಿಷ್ ಗ್ರಾಮರ್ ಮತ್ತು ಇಸ್ತ್ರಿ, ಇವೆರಡು ನನಗೆ ಇವತ್ತಿಗೂ ಕೈಕೊಟ್ಟಿಲ್ಲ.

ಕಾಂಪಿಟಿಷನ್ ನಡೆಸುವವರು ಷರತ್ತು ಹಾಕಿದ್ದರು: ಮೊದಲ ಸೀಸನ್ನಿನಲ್ಲಿ ಒಂದಾದರೂ ಮ್ಯಾಚ್ ಗೆಲ್ಲದಿದ್ದರೆ ಮುಂದಿನ ವರ್ಷ ಜಾಗವಿಲ್ಲ. ನಮ್ಮ ಹುಡುಗಿಯರು ಸೋಲುತ್ತಲೇ ಬಂದರು, ಅದೂ ಬೇರೊಂದು ಕ್ಲಬ್ಬಿನ ಹಳೆಯ ಜರ್ಸಿ ತೊಟ್ಟು. ಮೆಲ್ಬರ್ನ್‌ನಲ್ಲಿದ್ದ ಸೀಸನ್ನಿನ ಕೊನೆಯ ಮ್ಯಾಚಿಗೆ ಅಂತೂ ಸ್ವಂತದ್ದು ಬಂತು. ಬಿಳಿ ಬಣ್ಣ, ಒಂದೇ ಸೆಟ್. ಹೊಸ ಬಟ್ಟೆಗೆ ಕುಂಕುಮ ತಾಗಿಸದೆ ಕೊಡಲು ಮನಸ್ಸಾಗಲಿಲ್ಲ. ಪ್ರತಿಯೊಂದರ ಕಾಲರಿನ ಒಳಗೆ ಧಾರಾಳವಾಗಿಯೇ ಬೊಟ್ಟಿಟ್ಟೆ.

ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿದ್ದ ನನ್ನ ತಂಗಿಯ ಮನೆಯಿಂದ ಮೈದಾನಕ್ಕೆ ಹೋದೆ. ಸೆಕೆಂಡ್ ಹಾಫ್‌ನಲ್ಲಿ ಮಳೆ ಹಿಡಿಯಿತು. ನಾವು ಎರಡು ಪಾಯಿಂಟ್ ಹಿಂದಿದ್ದೆವು. ರೆಫರಿ ಸೀಟಿ ಊದಿ, ಮೊಮ್ಮಗಳ ಕುತ್ತಿಗೆ ತೋರಿಸಿ, "ಬ್ಲಡ್. ಆಫ್ ಯೂ ಗೋ" ಅಂದ. ರಕ್ತದ ಜರ್ಸಿ ಬದಲಿಸದೆ ಆಡುವಂತಿಲ್ಲ. ಬದಲಿಸಲು ನಮ್ಮಲ್ಲಿ ಇನ್ನೊಂದು ಇರಲಿಲ್ಲ.

ಅಷ್ಟರಲ್ಲಿ ಇನ್ನೊಬ್ಬಳ ಕುತ್ತಿಗೆಯಲ್ಲೂ ಕೆಂಪು ಇಳಿಯಿತು, ಮತ್ತೊಬ್ಬಳದ್ದರಲ್ಲೂ. ರೆಫರಿ ಸುತ್ತ ನೋಡಿದ. ಇಡೀ ಟೀಮಿಗೆ ಗಾಯ, ಒಬ್ಬಳಿಗೂ ನೋವಿಲ್ಲ.

ಕೋಚ್ ತಲೆಯ ಮೇಲೆ ಕೈಯಿಟ್ಟು, "ಮೇಟ್, ಎಲ್ಲರನ್ನೂ ಕಳಿಸಿದರೆ ಆಡೋದು ನಾನಾ?" ಅಂತ ಇಂಗ್ಲಿಷಿನಲ್ಲಿ ಕೂಗಿದ.

ನಾನು ನಿಂತಿದ್ದ ಗೆರೆಯ ಹತ್ತಿರ ಬಂದ ಮೊಮ್ಮಗಳು ಕುತ್ತಿಗೆ ಒರೆಸಿ, ಬೆರಳು ಮೂಸಿ, ನೇರ ನನ್ನ ಕಡೆ ತಿರುಗಿದಳು. "ಅಜ್ಜಿ. ವಾಟ್ ಡಿಡ್ ಯೂ ಡೂ?"

"ಹೊಸಾ ಅರಿವಿಗೆ ಕುಂಕುಮ ಹಚ್ಚೇನಿ. ಹಚ್ಚಬಾರದೇನವಾ?"

"ನಾಟ್ ಫಾರ್ ಫುಟಿ, ಅಜ್ಜಿ." ಸಿಡ್ನಿಯ ಮಕ್ಕಳ ಬಾಯಲ್ಲಿ ರಗ್ಬಿ ಲೀಗ್ ಅಂದರೆ ಫುಟಿ.

ಕೊಡೆಯನ್ನು ಅವಳ ಕೈಗಿತ್ತು, ಸೆರಗು ಸಿಕ್ಕಿಸಿ, ಗೆರೆ ದಾಟಿ ಒಳಗೇ ನಡೆದೆ. ಯಾರೂ ತಡೆಯಲಿಲ್ಲ, ಸೀರೆಯುಟ್ಟ ಮುದುಕಿಯನ್ನು ಹೇಗೆ ತಡೆಯಬೇಕೆಂದು ಅವರಿಗೂ ತಿಳಿದಿರಲಿಕ್ಕಿಲ್ಲ. ರೆಫರಿಯ ಎದುರು ನಿಂತು ನನ್ನ ಹಣೆಯನ್ನು ಹೆಬ್ಬೆರಳಿಂದ ಒರೆಸಿ ತೋರಿಸಿದೆ. ಅದೇ ಕೆಂಪು.

"ಐ ಬೆಗ್ ಯುವರ್ ಪಾರ್ಡನ್, ಸರ್. ಇಟ್ ಈಸ್ ನಾಟ್ ಬ್ಲಡ್. ಇಟ್ ಈಸ್ ಎ ಬ್ಲೆಸಿಂಗ್."

ಅವನು ನನ್ನ ಹೆಬ್ಬೆರಳನ್ನೂ ಹುಡುಗಿಯರ ಕುತ್ತಿಗೆಗಳನ್ನೂ ನೋಡಿದ. "ಟೂ ಮಚ್ ಬ್ಲೆಸಿಂಗ್, ಲವ್," ಅಂದ. ಮೂಗಿನಡಿ ನಗು ಇತ್ತು. ಎಲ್ಲರ ಕುತ್ತಿಗೆ ಒರೆಸಿಸಿ, ಗಾಯವಿಲ್ಲವೆಂದು ಖಾತ್ರಿಯಾದ ಮೇಲೆ ಆಟ ಶುರು ಮಾಡಿಸಿದ.

ಈಗ ಮಂಡಿ ನೋವಿಗೆ ಮೈದಾನದ ಮೆಟ್ಟಿಲು ಹತ್ತಲಾರೆ. ಆವತ್ತು ಮಾತ್ರ ಕೊಡೆಯಿಲ್ಲದೆ ನಿಂತಿದ್ದೆ. ಕೊನೆಗೆ ಚೆಂಡು ಅಂಚಿನಲ್ಲಿದ್ದ ಮೊಮ್ಮಗಳ ಕೈಗೆ ಬಂತು. ಇಬ್ಬರು ಅವಳ ಸೊಂಟಕ್ಕೆ ಜೋತುಬಿದ್ದರೂ ಕೆಸರಿನಲ್ಲಿ ಜಾರಿಕೊಂಡೇ ಹೋಗಿ ಗೆರೆಯಾಚೆ ಚೆಂಡು ಒತ್ತಿದಳು. ಟ್ರೈ, ನಾಲ್ಕು ಪಾಯಿಂಟ್. ಸ್ವಲ್ಪ ಹೊತ್ತಿನಲ್ಲೇ ಕೊನೆಯ ಸೀಟಿ ಆಯಿತು, ಎರಡು ಪಾಯಿಂಟಿನಿಂದ ಗೆದ್ದಿದ್ದೆವು.

ಅವಳು ಓಡಿಬಂದು ಕೆಸರು ಸಮೇತ ನನ್ನನ್ನು ಅಪ್ಪಿದಳು. "ವೀ ಆರ್ ಸ್ಟೇಯಿಂಗ್, ಅಜ್ಜಿ."

"ಹೌದವಾ, ಇರತೀರಿ," ಅಂದೆ.