ಮೂರನೇ ಬಹುಮಾನದ ಲೋಹ

ಮೂಡುಬಿದಿರೆಯ ಕಂಚುಗಾರ ಗುರುವಪ್ಪನಿಗೆ ಸಿಟ್ಟು ಬರುವುದು ಅಪರೂಪ. ಆದರೆ ಅಲ್ಯೂಮಿನಿಯಂ ಎಂಬ ಹೆಸರು ಕೇಳಿದರೆ ಸಾಕು, ಮೂಗಿನ ತುದಿ ಕೆಂಪಾಗುತ್ತಿತ್ತು. ಅವನ ಅಜ್ಜ ಎರಕ ಹೊಯ್ದ ಹರಿವಾಣ, ಚೆಂಬು, ಗಂಟೆಗಳು ಪೊಳಲಿಯಾಚೆಯ ಮನೆಗಳಲ್ಲೂ ಇದ್ದವು. ಈಗ ಜನ ಅವನಲ್ಲಿಗೆ ಬರುತ್ತಿದ್ದುದು ಹಳೆಯ ಕಂಚನ್ನು ತೂಕಕ್ಕೆ ಹಾಕಿ, ಪಕ್ಕದ ಅಂಗಡಿಯಿಂದ ಬಿಳಿ ಪಾತ್ರೆ ಕೊಂಡೊಯ್ಯಲು. "ಅದು ಹಗುರ ಉಂಟಲ್ಲ ಗುರುವಪ್ಪಣ್ಣ" ಎನ್ನುತ್ತಿದ್ದರು. ಹಗುರವೇ ದೊಡ್ಡದಾದರೆ ಹತ್ತಿಯಲ್ಲೇ ಅನ್ನ ಬೇಯಿಸಲಿ ಎಂದು ಅವನು ಹೆಂಡತಿ ಸೇಸಮ್ಮನ ಹತ್ತಿರ ಮಾತ್ರ ಗೊಣಗುತ್ತಿದ್ದ. ಗಿರಾಕಿಗಳ ಮುಂದೆ ಬಾಯಿ ಬಿಡುವ ಧೈರ್ಯ ಇರಲಿಲ್ಲ.

ಅರವತ್ತೈದರ ಯುದ್ಧ ಮುಗಿದ ದಿನಗಳಲ್ಲಿ ಒಮ್ಮೆ ಅವನು ಕ್ಷೌರಕ್ಕೆ ಕುಳಿತಿದ್ದ. ಹೈಸ್ಕೂಲಿನ ಧರ್ಣಪ್ಪ ಮಾಸ್ಟ್ರು ಪಕ್ಕದ ಬೆಂಚಿನಲ್ಲಿ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು. ಅಬ್ದುಲ್ ಹಮೀದ್ ಎಂಬ ಸೈನಿಕ, ದರ್ಜಿಯೊಬ್ಬನ ಮಗ, ಶತ್ರುವಿನ ಟ್ಯಾಂಕುಗಳನ್ನು ಒಡೆದು ತಾನೂ ಮಡಿದವನು. ಅವನಿಗೆ ಪರಮವೀರ ಚಕ್ರ. ಅದಕ್ಕಿಂತ ದೊಡ್ಡ ಶೌರ್ಯ ಪದಕ ದೇಶದಲ್ಲಿ ಬೇರೆ ಇಲ್ಲ. ಬರಹದ ಕೊನೆಯಲ್ಲಿ ಒಂದು ಸಣ್ಣ ವಾಕ್ಯವಿತ್ತು: ಈ ಪದಕ ಕಂಚಿನದು.

ಗುರುವಪ್ಪ ಅರ್ಧ ಬೋಳಿಸಿದ ಗಡ್ಡದಲ್ಲೇ ಎದ್ದು ನಿಂತ.

"ಅಚ್ಚಿನ ತಪ್ಪು ಮಾರಾಯ, ಕೂತುಕೋ. ಚಿನ್ನದ್ದು ಅಂತ ಇರಬೇಕಿತ್ತು. ಕಂಚು ಕೊಡುವುದು ಓಟದಲ್ಲಿ ಮೂರನೇ ಬಂದವರಿಗೆ" ಎಂದರು ಮಾಸ್ಟ್ರು.

ಗುರುವಪ್ಪ ಕೂತ. ಆದರೆ ಹೋಗುವಾಗ ಆ ಹಾಳೆಯನ್ನು ಕೇಳಿ ಪಡೆದು, ಮಡಚಿ, ಕುಲುಮೆಯ ಪಕ್ಕದ ಗೂಡಿನಲ್ಲಿಟ್ಟ. ಓದಲು ಬಾರದಿದ್ದರೂ ದಿನಕ್ಕೊಮ್ಮೆ ಬಿಡಿಸಿ ನೋಡುತ್ತಿದ್ದ.

ಮರುವರ್ಷದ ಫೆಬ್ರವರಿಯಲ್ಲಿ ಬಂಟ್ವಾಳದ ಹವಾಲ್ದಾರ್ ಹನೀಫಾ ಊರಿಗೆ ಬಂದ. ಗುಂಡು ತಾಗಿ ಎಡಗಾಲು ಅರ್ಧ ಹೋಗಿತ್ತು. ಚಿಕ್ಕಂದಿನಲ್ಲಿ ಮೂಡುಬಿದಿರೆಯ ಸೋದರಮಾವನ ಮನೆಯಲ್ಲಿದ್ದು ಇದೇ ಹೈಸ್ಕೂಲಿನಲ್ಲಿ ಕಲಿತವನು. ಸರ್ಕಾರದ ಪದಕವೇನೂ ಅವನಿಗೆ ಬಂದಿರಲಿಲ್ಲ. ನಾವು ಊರವರೇ ಕೊಡುವ ಎಂದು ಮಾಸ್ಟ್ರು ಸಮಿತಿ ಕಟ್ಟಿದರು. ಸಮಿತಿ ಮೂರು ಸಲ ಸೇರಿ, ಮೂರು ಸಲವೂ ಚಹಾ ಕುಡಿದು, ಚಿನ್ನದ ನೀರು ಕೊಟ್ಟ ಪದಕವೆಂದು ತೀರ್ಮಾನಿಸಿತು. ಮಾಡುವುದು ಅಕ್ಕಸಾಲಿಗ ಸುಬ್ಬಪ್ಪಾಚಾರಿ.

ಗುರುವಪ್ಪ ಸಮಿತಿ ಸೇರಿದ್ದ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ: "ನಾನು ಮಾಡಿಕೊಡ್ತೇನೆ. ಕಂಚಿನಲ್ಲಿ. ಪರಮವೀರ ಚಕ್ರವೂ ಕಂಚಿನದ್ದೇ."

"ಸರ್ಕಾರ ಅಷ್ಟು ಬಡವಾಗಿದೆಯಾ?" ಎಂದ ಸುಬ್ಬಪ್ಪಾಚಾರಿ. "ಕಾಲು ಕಳಕೊಂಡು ಬಂದವನಿಗೆ ಮೂರನೇ ಬಹುಮಾನ ಕೊಡುವುದಾ?" ಎಲ್ಲರೂ ನಕ್ಕರು. ಗುರುವಪ್ಪ ಪೇಪರಿನ ಹಾಳೆ ತೋರಿಸಿದ. ಅಚ್ಚಿನ ತಪ್ಪೆಂದು ಮಾಸ್ಟ್ರು ಮತ್ತೆ ಹೇಳಿದರು. ಗುರುವಪ್ಪನಿಗೆ ತನ್ನ ಮಾತನ್ನು ನಂಬದಿದ್ದುದಕ್ಕಿಂತ ಹೆಚ್ಚು ಉರಿದದ್ದು ಕಂಚಿಗೆ ನಕ್ಕದ್ದು. ತಲೆಮಾರುಗಳಿಂದ ಅನ್ನ ಕೊಟ್ಟ ಲೋಹ ಅದು.

ಅಂದೇ ಅವನು ಮೇಣದಲ್ಲಿ ಅಂಗೈಯಗಲದ ಬಿಲ್ಲೆ ತಿದ್ದಿ, ನಡುವೆ ಒಂದು ದೀಪ ಕೆತ್ತಿ, ಮಣ್ಣು ಮೆತ್ತಿ ಒಣಗಿಸಿದ. ತೂಕಕ್ಕೆ ಬಂದಿದ್ದ ಹಳೆಯ ಕಂಚು ಆಗಲೇ ಮಾರಿಹೋಗಿತ್ತು, ಲೋಹ ಕರಗಿಸುವ ಮೂಸೆಗೆ ಹಾಕಲು ಹೊಸ ತಾಮ್ರವೂ ಇರಲಿಲ್ಲ. ಸೇಸಮ್ಮ ಒಳಗಿನಿಂದ ತನ್ನ ತವರುಮನೆಯ ಕಂಚಿನ ಚೆಂಬು ತಂದಿಟ್ಟಳು. "ಮತ್ತೆ ಚೆಂಬು ಎಲ್ಲಿ ಅಂತ ಕೇಳಬೇಡಿ" ಎಂದಳು, ಅಷ್ಟೇ.

ಸನ್ಮಾನದ ದಿನ ಶಾಲೆಯ ಅಂಗಳ ತುಂಬಿತ್ತು. ಹನೀಫಾನ ತಾಯಿ ಜುಲೈಕಾ ಮುಂದಿನ ಸಾಲಿನಲ್ಲಿದ್ದಳು. ಮಾಸ್ಟ್ರು ಚಿನ್ನದ ಬಣ್ಣದ ಪದಕ ತೊಡಿಸಿದರು, ಚಪ್ಪಾಳೆಯಾಯಿತು. ಆಗ ಗುರುವಪ್ಪ ಹಿಂದಿನಿಂದ ನಡೆದು ಬಂದು, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬಟ್ಟೆಯ ಗಂಟು ಬಿಚ್ಚಿ, ಕಂಚಿನ ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೀಡಿದ. "ಬಂತು ಮೂರನೇ ಬಹುಮಾನ" ಎಂದು ಸುಬ್ಬಪ್ಪಾಚಾರಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಹನೀಫಾ ನಗಲಿಲ್ಲ. ಊರುಗೋಲನ್ನು ಮೇಜಿಗೆ ಒರಗಿಸಿ, ಒಂಟಿ ಕಾಲಿನಲ್ಲಿ ನೆಟ್ಟಗೆ ನಿಂತು, ಆ ಬಿಲ್ಲೆಗೆ ಸೆಲ್ಯೂಟ್ ಹೊಡೆದ.

"ಗುರುವಪ್ಪಣ್ಣ, ಇದು ನನಗೆ ಬೇಡ" ಎಂದ. ಮೈಕು ಹತ್ತಿರವೇ ಇತ್ತು. "ವೀರಚಕ್ರ ಬೆಳ್ಳಿ. ಅದಕ್ಕಿಂತ ಮೇಲಿನ ಮಹಾವೀರ ಚಕ್ರವೂ ಬೆಳ್ಳಿ. ಎಲ್ಲಕ್ಕಿಂತ ಮೇಲಿನ ಪರಮವೀರ ಚಕ್ರ ಮಾತ್ರ ಕಂಚು. ಅದು ಸಿಕ್ಕಿದವರಲ್ಲಿ ಹೆಚ್ಚಿನವರು ಅದನ್ನು ಕಣ್ಣಿಂದ ನೋಡಲೇ ಇಲ್ಲ, ಮನೆಯವರು ಹೋಗಿ ತಕೊಂಡರು. ನಾನು ಬದುಕಿ ಬಂದು ಇಲ್ಲಿ ಕೂತಿರುವ ನನ್ನ ತಾಯಿ, ಉಮ್ಮನ ಕೈಯಿಂದ ಉಣ್ಣುತ್ತಾ ಇದ್ದೇನೆ. ನನಗೆ ಮಾಸ್ಟ್ರು ಕೊಟ್ಟ ಚಿನ್ನ ಸಾಕು. ಕಂಚು ಹಾಕಿಕೊಳ್ಳುವಷ್ಟು ದೊಡ್ಡವ ನಾನಲ್ಲ."

ಜುಲೈಕಾ ಸೆರಗಿನಿಂದ ಕಣ್ಣೊರಸಿಕೊಂಡಳು. ಗುರುವಪ್ಪ ಬಿಲ್ಲೆಯನ್ನು ಹೆಮ್ಮೆಯಿಂದ ಎದೆಗೊತ್ತಿಕೊಂಡ. ಅಜ್ಜ ಇದ್ದಿದ್ದರೆ ಎಂದು ಅನಿಸಿತು.

ಧರ್ಣಪ್ಪ ಮಾಸ್ಟ್ರು ತಪ್ಪನ್ನು ಒಪ್ಪಿಕೊಂಡದ್ದು ಮಾಸ್ಟ್ರುಗಳ ರೀತಿಯಲ್ಲೇ, ಬಾಯಲ್ಲಿ ಹೇಳದೆ. ಮುಂದಿನ ಆಟೋಟದಿಂದ ಆ ಶಾಲೆಯಲ್ಲಿ ಮೊದಲ ಬಹುಮಾನ ಗುರುವಪ್ಪನ ಕಂಚು, ಮೂರನೆಯದು ಸುಬ್ಬಪ್ಪಾಚಾರಿಯ ಚಿನ್ನದ ನೀರು. ಬೆಳ್ತಂಗಡಿಯಿಂದ ಓಡಲು ಬಂದವರು ತಲೆ ಕೆರೆದುಕೊಳ್ಳುತ್ತಿದ್ದರು.

ಆ ಬಿಲ್ಲೆಯನ್ನು ಗುರುವಪ್ಪ ಕರಗಿಸಲಿಲ್ಲ. ಹುಣಸೆಹುಳಿ ಹಾಕಿ ಉಜ್ಜಿ ಕುಲುಮೆಯ ಮೇಲಿನ ಮೊಳೆಗೆ ತೂಗುಹಾಕಿದ. ಹಳೆಯ ಕಂಚು ಹೊತ್ತು ಬಂದವರು ಇದು ಯಾರಿಗೆ ಮಾಡಿದ್ದೆಂದು ಕೇಳಿದರೆ, ಈಗ ಅವನಿಗೆ ಬಾಯಿ ಬರುತ್ತಿತ್ತು.

"ಹವಾಲ್ದಾರ್ ಹನೀಫಾರಿಗೆ ಮಾಡಿದ್ದು" ಎನ್ನುತ್ತಿದ್ದ ಎದೆ ಸೆಟೆಸಿ. "ಅವರು ತಕೊಳ್ಳಲಿಲ್ಲ."