ಮೇಜಿನ ಮುಂದೆ ಊಟಕ್ಕೆ ಕೂತವರು

ನಾನು ಟೀಚರ್ ಆದದ್ದು ಮಕ್ಕಳ ಮೇಲಿನ ಪ್ರೀತಿಯಿಂದ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ, ಆದರೆ ಅದು ಸುಳ್ಳು. ಅಪ್ಪ ರೈಲ್ವೆಯಿಂದ ರಿಟೈರ್ ಆಗಿ ಪೆರಂಬೂರಿನ ಕ್ವಾರ್ಟರ್ಸ್ ಬಿಟ್ಟಿದ್ದರು. ತಮ್ಮಂದಿರಿಬ್ಬರು ಇನ್ನೂ ಓದುತ್ತಿದ್ದರು. ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಕಾದು ಕೂತಿದ್ದವಳು ನಾನೊಬ್ಬಳೇ. ಮದರಾಸಿನ ಒಂದು ಶಾಲೆಯ ಕನ್ನಡ ವಿಭಾಗದಲ್ಲಿ ಮೂರನೇ ಕ್ಲಾಸಿನ ಟೀಚರು ಹೆರಿಗೆಗೆಂದು ಊರಿಗೆ ಹೋದವರು ತಿರುಗಿ ಬರಲಿಲ್ಲ. ಅವರ ಜಾಗಕ್ಕೆ ನನ್ನನ್ನು ತಾತ್ಕಾಲಿಕವಾಗಿ ಹಾಕಿಕೊಂಡರು. ಕೆಲಸ ಕಾಯಂ ಆಗುತ್ತದೆಯೇ ಎಂದು ಕೇಳಿದಾಗ ಹೆಡ್‌ಮಾಸ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ಇನ್‌ಸ್ಪೆಕ್ಷನ್ ಆಗ್ಲಮ್ಮ, ನೋಡೋಣ" ಎಂದರು. ರಾಜ್ಯಗಳು ಬೇರೆಯಾದ ಮೇಲೆ ಕನ್ನಡ ಬಲ್ಲ ಇನ್‌ಸ್ಪೆಕ್ಟರು ಸಿಗುವುದು ಕಷ್ಟವಾಗಿತ್ತು. ಅವರು ಬಂದು ನೋಡಿ ಒಳ್ಳೆಯ ಮಾತು ಬರೆಯುವವರೆಗೆ ನನ್ನ ಕೆಲಸಕ್ಕೆ ಕಾಲಿರಲಿಲ್ಲ.

ನನ್ನ ಕ್ಲಾಸಿನಲ್ಲಿ ಕನ್ನಡದ ಮಕ್ಕಳಿದ್ದರು, ಕನ್ನಡ ಮಾತ್ರ ಇರಲಿಲ್ಲ. ರೈಲ್ವೆ, ಬ್ಯಾಂಕು, ಇನ್ಶೂರೆನ್ಸ್ ಕಚೇರಿಯವರ ಮಕ್ಕಳು, ಹೋಟೆಲುಗಳಲ್ಲಿ ಕೆಲಸ ಮಾಡುವ ಕರಾವಳಿಯವರ ಮಕ್ಕಳು, ವಡಪಳನಿಯ ಸಿನಿಮಾ ಸ್ಟುಡಿಯೋದಲ್ಲಿ ಬಡಗಿಯಾಗಿದ್ದವರ ಮಗನೊಬ್ಬ. ಒಂದೊಂದು ಮನೆಗೆ ಒಂದೊಂದು ಕನ್ನಡ. ನಾನು ನಮ್ಮ ಮನೆಯ ಮೈಸೂರು ಕನ್ನಡದಲ್ಲಿ ಕೇಳಿದರೆ ಅವರು ತಮಿಳಿನಲ್ಲಿ ಉತ್ತರ ಹೇಳುವರು. ಬರೆಯಲು ಕೂರಿಸಿದರೆ ಮಾತ್ರ ಎಲ್ಲರದೂ ಒಂದೇ ಗಿಣಿಪಾಠ: ಹಸು ಸಾಧು ಪ್ರಾಣಿ, ಹಸು ನಮಗೆ ಹಾಲು ಕೊಡುತ್ತದೆ. ಹಿಂದಿನ ಟೀಚರು ಉರು ಹೊಡೆಸಿ ಹೋಗಿದ್ದ ಆ ಹಸು, ನಾನು ಯಾವ ವಿಷಯ ಕೊಟ್ಟರೂ ಎಲ್ಲಿಂದಲಾದರೂ ನುಗ್ಗಿ ಬರುತ್ತಿತ್ತು.

ಆ ಸುಮಾರಿಗೆ ನುಂಗಂಬಾಕ್ಕಂನ ಬಂಗಲೆಯೊಂದನ್ನು ಖಾಲಿ ಮಾಡಿ ವಿಲಾಯಿತಿಗೆ ಹೊರಟ ಬಿಳಿಯರ ಕುಟುಂಬವೊಂದು ನಮ್ಮ ಶಾಲೆಗೆ ಒಂದು ಪೆಟ್ಟಿಗೆ ಮಕ್ಕಳ ಪುಸ್ತಕ ಕೊಟ್ಟುಹೋಯಿತು. ದಪ್ಪ ಹಾಳೆ, ಪುಟದ ತುಂಬ ಬಣ್ಣದ ಚಿತ್ರ, ಕೆಳಗೆ ಎರಡು ಸಾಲು ಇಂಗ್ಲಿಷು. ಇಂಗ್ಲಿಷ್ ವಿಭಾಗದವರು ತಮಗೆ ಬೇಕಾದ್ದನ್ನು ಆರಿಸಿಕೊಂಡ ಮೇಲೆ, ಬೆನ್ನು ಕಿತ್ತುಹೋದ ಏಳೆಂಟು ಪುಸ್ತಕಗಳು ನಮ್ಮ ಪಾಲಿಗೆ ಬಂದವು. ನಾನು ಮೈದಾ ಅಂಟು ಕಾಯಿಸಿ ಇಂಗ್ಲಿಷ್ ಸಾಲುಗಳ ಮೇಲೆ ಕಂದು ಕಾಗದದ ಪಟ್ಟಿ ಅಂಟಿಸಿದೆ. ಚಿತ್ರ ಮಾತ್ರ ಉಳಿಯಿತು. ದಿನಕ್ಕೊಂದು ಪುಟ ತೆರೆದು ಮೇಜಿನ ಮೇಲೆ ನಿಲ್ಲಿಸಿ, ಕರಿಹಲಗೆಯ ಮೇಲೆ ಮೂರು ಪ್ರಶ್ನೆ ಬರೆಯುತ್ತಿದ್ದೆ: ಇಲ್ಲಿ ಯಾರಿದ್ದಾರೆ? ಏನು ಮಾಡುತ್ತಿದ್ದಾರೆ? ಆಮೇಲೆ ಏನಾಯಿತು? ಇದಕ್ಕೆ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ, ನಿಮಗೆ ಕಂಡದ್ದೇ ಉತ್ತರ ಎಂದು ನಾನೇ ಬಾಯಿಬಿಟ್ಟು ಹೇಳಿದೆ.

ಮೊದಲ ವಾರ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಮಕ್ಕಳು ಚಿತ್ರ ನೋಡುವರು, ನನ್ನ ಮುಖ ನೋಡುವರು, ಪೆನ್ಸಿಲ್ ಕಚ್ಚುವರು. ಎರಡನೇ ವಾರ ಒಬ್ಬಿಬ್ಬರು ಬರೆಯತೊಡಗಿದರು. ತಿಂಗಳು ಕಳೆಯುವುದರೊಳಗೆ ಹಸು ಕಾಣೆಯಾಯಿತು. ಅರ್ಧ ತಮಿಳು, ಅರ್ಧ ಕನ್ನಡ, ಒತ್ತಕ್ಷರವೆಲ್ಲ ತಲೆಕೆಳಗು. ಆದರೂ ಅವರದೇ ಮಾತು. ನನಗೆ ಅದು ಹಿಡಿಸಿತು ಎನ್ನುವುದನ್ನು ಒಪ್ಪಿಕೊಳ್ಳುತ್ತೇನೆ.

ಒಂದು ಪುಟದಲ್ಲಿ ಊಟದ ಮೇಜಿತ್ತು. ಬಿಳಿ ಬಟ್ಟೆ ಹಾಸಿದ ಮೇಜಿನ ಸುತ್ತ ಒಬ್ಬ ಹೆಂಗಸು, ಒಬ್ಬ ಮುದುಕಿ, ಇಬ್ಬರು ಮಕ್ಕಳು. ಮನೆಯ ಯಜಮಾನ ನಿಂತುಕೊಂಡು ದೊಡ್ಡ ತಟ್ಟೆಯಿಂದ ಎಲ್ಲರಿಗೂ ಬಡಿಸುತ್ತಿದ್ದಾನೆ. ಆ ತಟ್ಟೆಯಲ್ಲಿದ್ದ ಕೋಳಿಯ ಮೇಲೂ ನಾನು ಒಂದು ತುಂಡು ಕಂದು ಕಾಗದ ಅಂಟಿಸಿದ್ದೆ. ಸಸ್ಯಾಹಾರಿ ಹೋಟೆಲಿನ ಅಪ್ಪಂದಿರು ಜಗಳಕ್ಕೆ ಬಂದರೆ ಉತ್ತರ ಹೇಳುವವರು ಯಾರು? ಬಡಗಿಯ ಮಗ ಬರೆದ: "ಇದು ಶೂಟಿಂಗು. ಎದುರಿನ ಗೋಡೆ ಇಲ್ಲ. ಊಟ ನಿಜವಲ್ಲ, ಯಾರೂ ತಿನ್ನಬಾರದು."

ಮೂರನೇ ಬೆಂಚಿನಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಅವಳ ಅಪ್ಪ ಹೋಟೆಲಿನಲ್ಲಿ ಸಪ್ಲೈಯರ್, ಎಂದರೆ ಬಡಿಸುವವರು. ತಾಯಿ ಕೈಕೂಸಿನೊಂದಿಗೆ ಕುಂದಾಪುರದ ಕಡೆಯ ಹಳ್ಳಿಯಲ್ಲಿದ್ದರು. ಇಲ್ಲಿ ಹೋಟೆಲಿನ ಹಿಂದಿನ ಗಲ್ಲಿಯ ಒಂದೇ ಕೋಣೆಯಲ್ಲಿ ಅಪ್ಪ, ಸೋದರತ್ತೆ, ಅವಳು. ಮಾತು ಕಡಿಮೆ. ಅವಳು ಬರೆದದ್ದು ಹೀಗಿತ್ತು, ಕಾಗುಣಿತ ಮಾತ್ರ ನಾನು ತಿದ್ದಿದ್ದೇನೆ:

"ಇದು ಹೋಟೆಲು. ಗಿರಾಕಿಗಳು ಕೂತಿದ್ದಾರೆ. ಅವರಿಗೆ ಒಬ್ಬರಿಗೊಬ್ಬರ ಗುರುತಿಲ್ಲ. ಬೇರೆ ಕಡೆ ಜಾಗ ಇಲ್ಲ, ಅದಕ್ಕೆ ಒಂದೇ ಮೇಜಿಗೆ ಕೂತಿದ್ದಾರೆ. ನಿಂತವರು ಸಪ್ಲೈಯರ್. ಅವರಿಗೂ ಹಸಿವಾಗಿದೆ. ಎಲ್ಲರದೂ ಆದ ಮೇಲೆ ಉಣ್ಣುತ್ತಾರೆ. ಆಮೇಲೆ ಗಿರಾಕಿಗಳು ಎದ್ದು ಹೋದರು. ಮೇಜು ಒರೆಸಿದರು."

ಅವಳನ್ನು ಕರೆದು ಕೇಳಿದೆ. "ಹೋಟ್ಲು ಅಂತ ಹೇಗೆ ಗೊತ್ತಾಯ್ತೇ ನಿಂಗೆ?"

"ಕಾಣಿ ಟೀಚರ್, ಮೇಜ್ ಇತ್ತಲ್ದಾ. ಮನೆಯಗೆ ನೆಲದ್ ಮೇಲ್ ಅಲ್ದಾ ಕೂಕಂಬ್ದ್?"

"ಆ ಗಂಡಸು ಅಪ್ಪ ಇರಬಹುದಲ್ಲ?"

ಅವಳು ನನ್ನನ್ನು ಏನೂ ತಿಳಿಯದವಳ ಹಾಗೆ ನೋಡಿದಳು. "ಅಪ್ಪ ಅಲ್ಲ ಟೀಚರ್. ಎಲ್ಲರೂ ಕೂಕಂಡಿರ್, ಅವ್ರ್ ಒಬ್ರೇ ನಿಂತಿರ್. ಗಂಡಸ್ರ್ ಬಡ್ಸುದ್ ಹೋಟ್ಲಗೆ ಮಾತ್ರ."

ಅವಳ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ಮೇಜು, ನಿಂತು ಬಡಿಸುವ ಗಂಡಸು, ಪಕ್ಕಪಕ್ಕದಲ್ಲಿ ಕೂತು ಮಾತಾಡದ ಜನ: ಇದು ಹೋಟೆಲಲ್ಲದೆ ಇನ್ನೇನು? ನನಗೆ ನಗು ಬಂತು, ನಗುವಿಗಿಂತ ಹೆಚ್ಚಾಗಿ ಖುಷಿಯಾಯಿತು. ಹಸಿವಿನ ಸಾಲನ್ನು ಎರಡು ಸಲ ಓದಿ, ಕೆಳಗೆ ಕೆಂಪು ಶಾಯಿಯಲ್ಲಿ "ಬಹಳ ಚೆನ್ನಾಗಿದೆ" ಎಂದು ಬರೆದೆ. ಅವಳು ಆ ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ಹೋಗಿ ಕೂತಳು.

ಮರುವಾರ ಇನ್‌ಸ್ಪೆಕ್ಟರು ಬರುವ ದಿನ ಗೊತ್ತಾಯಿತು. ಹೆಡ್‌ಮಾಸ್ಟರು ನನ್ನ ಕ್ಲಾಸಿನ ನೋಟ್‌ಬುಕ್ಕುಗಳನ್ನು ತರಿಸಿ ಹಾಳೆ ತಿರುವಿದರು. "ಹೋಟ್ಲು, ಶೂಟಿಂಗು... ಏನಮ್ಮ ಇದೆಲ್ಲ? ಬರೋರು ಮಂಗಳೂರ ಕಡೆಯೋರು, ಕನ್ನಡ ಚೆನ್ನಾಗಿ ಬಲ್ಲೋರು. ನಿಮ್ ಪೋಸ್ಟು ನಿಮ್ ಕೈಲೇ ಇದೆ." ಇಷ್ಟು ಹೇಳಿ ಒಂದು ಕಟ್ಟು ಹೊಸ ನೋಟ್‌ಬುಕ್ ನನ್ನ ಮುಂದೆ ಇಟ್ಟರು. ಆಗಿನ ಪದ್ಧತಿಯೇ ಹಾಗೆ. ಮಕ್ಕಳಿಗೆ ಎರಡು ನೋಟ್‌ಬುಕ್: ಒಂದು ರಫ್, ಇನ್ನೊಂದು ಫೇರ್. ಇನ್‌ಸ್ಪೆಕ್ಷನ್ ದಿನ ರಫ್ ಮನೆಯಲ್ಲಿ ಉಳಿಯುವುದು, ಫೇರ್ ಇನ್‌ಸ್ಪೆಕ್ಟರ ಕೈಗೆ ಹೋಗುವುದು. ಫೇರ್‌ನಲ್ಲಿ ಟೀಚರು ಹಲಗೆಯ ಮೇಲೆ ಬರೆದದ್ದನ್ನು ಮಕ್ಕಳು ನಕಲು ಮಾಡುವರು. ಯಾರೂ ಇದನ್ನು ಮೋಸ ಎನ್ನುತ್ತಿರಲಿಲ್ಲ. ಮದುವೆಗೆ ಹೋಗುವಾಗ ಒಳ್ಳೆಯ ಸೀರೆ ಉಡುವ ಹಾಗೆ ಅದು.

ನಾನು ಹೆಚ್ಚು ಯೋಚಿಸಲಿಲ್ಲ. ಮನೆಯಲ್ಲಿ ನನ್ನ ಸಂಬಳ ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ಹಲಗೆಯ ಮೇಲೆ ಬರೆದೆ: "ಇದು ಒಂದು ಮನೆ. ತಂದೆ, ತಾಯಿ, ಅಜ್ಜಿ ಮತ್ತು ಮಕ್ಕಳು ಒಟ್ಟಿಗೆ ಊಟ ಮಾಡುತ್ತಿದ್ದಾರೆ. ಇದು ಸುಖೀ ಕುಟುಂಬ." ಎಲ್ಲರೂ ಬಗ್ಗಿ ಬರೆಯತೊಡಗಿದರು. ಮೂರನೇ ಬೆಂಚಿನ ಆ ಹುಡುಗಿ ಮಾತ್ರ ಬರೆಯಲಿಲ್ಲ.

"ಟೀಚರ್, ನಂದ್ ಚೆನ್ನಾಗಿತ್ತ್ ಅಂದಿದ್ರಿ."

"ಅದು ರಫ್‌ನಲ್ಲಿ. ಇದು ಫೇರ್."

"ಹೋಟ್ಲ್ ಅಲ್ದಾ ಹಂಗಾರೆ?"

"ಅಲ್ಲ, ಅದು ತಪ್ಪು. ಮನೆ ಅಂದ್ರೆ ಹೀಗೇ ಇರೋದು. ಸುಮ್ನೆ ಬರಿ."

ಅವಳು "ಆಮಾ ಟೀಚರ್" ಎಂದು ತಮಿಳಿನಲ್ಲಿ ಒಪ್ಪಿಕೊಂಡು ಬರೆದಳು. ಕ್ಲಾಸಿನಲ್ಲೆಲ್ಲ ಅವಳ ಅಕ್ಷರವೇ ದುಂಡಗೆ ಬಂತು. ಅದಕ್ಕೇ ನಾನು ಅವಳ ನೋಟ್‌ಬುಕ್ಕನ್ನು ಎಲ್ಲಕ್ಕಿಂತ ಮೇಲೆ ಇಟ್ಟೆ.

ಇನ್‌ಸ್ಪೆಕ್ಟರು ಬಿಳಿ ಪಂಚೆ, ಕೋಟು ತೊಟ್ಟ ಮುದುಕರು. ಒಂದು ನೋಟ್‌ಬುಕ್ ಓದಿದರು, ಇನ್ನೊಂದು ಓದಿದರು, ಮೂರನೆಯದನ್ನು ತೆರೆದು ನೋಡಿ ಮುಚ್ಚಿದರು. ಅವರು ಮೇಲಿನ ನೋಟ್‌ಬುಕ್ಕಿನ ಹುಡುಗಿಯನ್ನು ಹತ್ತಿರ ಕರೆದು ಚಿತ್ರದ ಪುಟ ತೋರಿಸಿದರು.

"ಇದು ಎಂತದು ಮಗಾ?"

"ಮನೆ ಸಾರ್."

"ಮನೆ ಅಂತ ನಿನಗೆ ಹೇಗೆ ಗೊತ್ತಾಯಿತು?"

ಅವಳು ಚಿತ್ರದ ಕಡೆ ನೋಡಲೇ ಇಲ್ಲ. "ಟೀಚರ್ ಹೇಳಿರ್" ಎಂದಳು.

ಅವರು ನನ್ನತ್ತ ನೋಡಿದರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಅವರು ಹಾಜರಿ ಪುಸ್ತಕ ನೋಡಿದರು, ಮಗ್ಗಿ ಹೇಳಿಸಿದರು, ಎದ್ದರು. ಬಾಗಿಲ ಹತ್ತಿರ ನಿಂತು, "ಟೀಚರಮ್ಮ, ಒಂದು ತಪ್ಪೂ ಇಲ್ಲದ ಕ್ಲಾಸು ನಾನು ಇವತ್ತೇ ಕಂಡದ್ದು" ಎಂದರು. ಹೊಗಳಿದರೋ ಚುಚ್ಚಿದರೋ ತಿಳಿಯಲಿಲ್ಲ. ವರದಿಯಲ್ಲಿ ಮಾತ್ರ ಬರವಣಿಗೆ ಶುದ್ಧವಾಗಿದೆ, ಶಿಸ್ತು ಮೆಚ್ಚತಕ್ಕದ್ದು ಎಂದಿತ್ತು. ಇಪ್ಪತ್ತು ದಿನಕ್ಕೆ ನಾನು ಕಾಯಂ ಆದೆ. ಅಮ್ಮ ಶಾವಿಗೆ ಪಾಯಸ ಮಾಡಿದರು.

ಇನ್ನು ಭಯವಿರಲಿಲ್ಲ. ರಫ್ ನೋಟ್‌ಬುಕ್ ತೆಗೆಸಿ, ಮೊದಲಿನ ಹಾಗೆ ನಿಮಗೆ ಕಂಡದ್ದನ್ನೇ ಬರೆಯಿರಿ ಎಂದೆ. ಬೇರೆ ಮಕ್ಕಳು ಎರಡೇ ದಿನದಲ್ಲಿ ಹಳೆಯ ದಾರಿಗೆ ಬಂದರು. ಬಡಗಿಯ ಮಗನಿಗಂತೂ ಹಡಗೂ ಶೂಟಿಂಗೇ, ಸರ್ಕಸ್ಸೂ ಶೂಟಿಂಗೇ. ಆ ಹುಡುಗಿ ಮಾತ್ರ ಬರೆಯಲಿಲ್ಲ. ಚಿತ್ರ ನೋಡುವುದನ್ನೇ ಬಿಟ್ಟು ಹಲಗೆಯ ಕಡೆ ಮುಖ ಮಾಡಿ ಕಾಯುತ್ತಿದ್ದಳು. ಹಟ ಎಂದುಕೊಂಡು ಗದರಿಸಿದೆ. ಪುಸಲಾಯಿಸಿದೆ. ಹೋಟೆಲಿನ ಕತೆ ತುಂಬ ಚೆನ್ನಾಗಿತ್ತು, ತಪ್ಪು ನನ್ನದೇ ಎಂದೂ ಹೇಳಿದೆ. ಅವಳು ತಲೆಯಾಡಿಸಿದಳು, ನಂಬಲಿಲ್ಲ. ಎರಡು ಸಲ ಎರಡು ಮಾತು ಹೇಳಿದವಳನ್ನು ಮೂರನೇ ಸಲ ಯಾಕೆ ನಂಬಬೇಕು?

ಚಿತ್ರದಿಂದಲೇ ತೊಂದರೆ ಎಂದು ನನಗೆ ತೋಚಿತು. ವರ್ಷದ ಕೊನೆಗೆ ಪುಸ್ತಕವನ್ನೆಲ್ಲ ಬೀರುವಿನಲ್ಲಿಟ್ಟು, ಯಾರಿಗೂ ತಪ್ಪಾಗಲಾರದ ವಿಷಯ ಕೊಟ್ಟೆ: ನಮ್ಮ ಮನೆ. ಕ್ಲಾಸು ಬರೆಯುತ್ತ ಕೂತಿತು. ಸ್ವಲ್ಪ ಹೊತ್ತಿಗೆ ಆ ಹುಡುಗಿ ಖಾಲಿ ಹಾಳೆ ಹಿಡಿದು ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಟೀಚರ್, ನಮ್ಮನೆಯಗೆ ಯಾರ್ಯಾರ್ ಇದ್ರ್ ಅಂದ್ ಬರೀಕ್?"

"ಅದು ನಿಂಗೇ ಗೊತ್ತಲ್ಲೇ. ನಂಗೆ ಹೇಗೆ ಗೊತ್ತಿರತ್ತೆ?"

"ನೀವೇ ಹೇಳಿ ಟೀಚರ್" ಎಂದಳು. "ನಾ ಬರದ್ರೆ ತಪ್ಪಾತ್ತ್."