ಗುಡ್ಡ ಹತ್ತುವಾಗಿನ ಕೆಮ್ಮು

ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇವತ್ತು ಸೀತಾಫಲದ ವಾಸನೆ ಬಂತು, ಅಜ್ಜಿ ನೆನಪಾದಳು. ಕಣಕಟ್ಟೆ ಕಡೆಯ ನಮ್ಮೂರ ಗುಡ್ಡಕ್ಕೆ ಹಣ್ಣು ಕೀಳಲು ಹೋದಾಗ ಅವಳು ಪ್ರತಿ ಬಂಡೆಯ ತಿರುವಿನಲ್ಲೂ ನಿಂತು ಜೋರಾಗಿ ಕೆಮ್ಮುತ್ತಿದ್ದಳು.

"ನೀನೂ ಕೆಮ್ಮು ಕಣೇ. ನಾವ್ ಬಂದಿದ್ದು ಕರಡಿಗೆ ಗೊತ್ತಾಗ್ಲಿ. ಗಾಬರಿಯಾದ್ರೆ ಮಾತ್ರ ಅದು ಮೈಮೇಲೆ ಬತ್ತೈತೆ."

ಗವಿಯ ಹತ್ತಿರದ ಗಿಡಗಳನ್ನು ಅವಳು ಮುಟ್ಟುತ್ತಿರಲಿಲ್ಲ. ಆ ಹಣ್ಣು ಕರಡಿಯ ಪಾಲು. ಒಮ್ಮೆ ನಾನು ಅಲ್ಲಿಂದ ಒಂದನ್ನು ಲಂಗದಲ್ಲಿ ಬಚ್ಚಿಟ್ಟುಕೊಂಡಿದ್ದೆ. ಅರ್ಧ ದಾರಿಯಲ್ಲಿ ಅಜ್ಜಿಗೆ ಗೊತ್ತಾಗಿ, ಬಯ್ಯದೆ ವಾಪಸ್ ಕರೆದೊಯ್ದು, ಆ ಗಿಡದ ಬುಡದಲ್ಲೇ ಇಡಿಸಿದಳು.

ಮಧ್ಯಾಹ್ನ ಊರಿಗೆ ಹೋದೆ. ಗವಿಯಿದ್ದ ಕಡೆ ಈಗ ಕಲ್ಲುಕ್ವಾರಿ. ತಿರುವಿನಲ್ಲಿ ನಿಂತು, ನನಗೇ ಗೊತ್ತಿಲ್ಲದೆ ಜೋರಾಗಿ ಕೆಮ್ಮಿದೆ.

ಟಿಪ್ಪರ್ ಡ್ರೈವರ್ ನೀರಿನ ಬಾಟಲಿ ಚಾಚಿದ. "ಧೂಳು ಜಾಸ್ತಿ ಐತೆ, ಕುಡೀರಿ ಅಕ್ಕ."

ಕುಡಿದೆ.